ನೀರು ಕುಡಿದ ನೆಲಹಾಸು

2022ನೆಯ ಸೆಪ್ಟೆಂಬರು 4ರ ರಾತ್ರಿ ಬೆಂಗಳೂರಿನಲ್ಲಿ ಸುರಿದ ಮಳೆಯನ್ನು ಅಲ್ಲಿದ್ದವರು ಬೇಗನೆ ಮರೆಯಲಾರರು. ಒಂದು ದಿನದ ಅವಧಿಯಲ್ಲಿ 130 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬಿದ್ದು ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಗಳ ಕಡೆ ಮನೆಗಳಿಗೆ ನೀರು ನುಗ್ಗಿತು. ಜನರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿಸಬೇಕಾಯಿತು. ಅದಕ್ಕೆ ಒಂದು ವಾರ ಮುಂಚೆ, ಆಗಸ್ಟು 29ರಂದು, ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ಹೊಳೆಯಾಗಿ, ಬಸ್ಸು ಕಾರುಗಳು ನೀರಿನ ನಡುವೆ ನಿಂತಿದ್ದುವು.

ಮಂಡ್ಯದ ಸಮೀಪದಲ್ಲಿರುವ ನಮ್ಮ ಹೊಳಲಿಗೆ ಆ ಮಳೆಯ ಒಂದು ಪಾಲು ಲಾರಿಯ ಮೇಲೇರಿ ಬಂದಿತೆನ್ನಬೇಕು. ನಮ್ಮ ಭಾವನವರ ಕಾರು ಬೆಂಗಳೂರಿನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, ಆಸನದ ಮಟ್ಟದವರೆಗೆ ಕೊಳಕು ನೀರಿನಲ್ಲಿ ಎರಡು ದಿನ ಮುಳುಗಿತ್ತು. ಎಂಜಿನಿನ ರಿಪೇರಿ ಹೇಗೋ ಮುಗಿಯಿತು. ಒಳಭಾಗವನ್ನು ಸೋಪಿನ ನೀರಿನಲ್ಲಿ ತೊಳೆದು, ಬಾಗಿಲುಗಳನ್ನು ತೆರೆದು, ಮನೆಯ ಮುಂದಿನ ಕಣದಲ್ಲಿ ನಾಲ್ಕು ದಿನ ಬಿಸಿಲಿಗೆ ನಿಲ್ಲಿಸಿದ್ದಾಯಿತು. ನೆಲಹಾಸು ಕೈಗೆ ಒಣಗಿದಂತೆಯೇ ತೋರಿತು. ಆದರೆ ದೀಪಾವಳಿಯ ಹೊತ್ತಿಗೆ, ಎಂದರೆ ಏಳು ವಾರಗಳ ಮೇಲೆ, ಕಿಟಕಿ ಏರಿಸಿ ಕುಳಿತರೆ ಹಳೆಯ ಗೋಣಿಚೀಲವನ್ನು ಮುಖಕ್ಕೆ ಹಿಡಿದಂತಹ ವಾಸನೆ. ಮಂಡ್ಯದ ಶಾಲೆಗೆ ಅದರಲ್ಲಿ ಹೋಗಿಬರುವ ಮಕ್ಕಳಿಗೆ ದಾರಿಯುದ್ದಕ್ಕೂ ಸೀನು. "ಮೇಲೆಲ್ಲ ಒಣಗೋಗದೆ ಕಣಯ್ಯ, ಮತ್ತೆ ಈ ವಾಸ್ನೆ ಎಲ್ಲಿಂದ ಬತ್ತದೆ?" ಎಂದು ಭಾವ ಕೇಳಿದರು. ಚಾಲಕನ ಬಾಗಿಲಿನ ಹೊಸ್ತಿಲ ಪಟ್ಟಿಯನ್ನು ಬಿಚ್ಚಿ, ನೆಲಹಾಸಿನ ಅಂಚನ್ನು ಮೇಲೆತ್ತಿ, ಕೆಳಗಿನ ಮೆತ್ತೆಯನ್ನು ಮುಷ್ಟಿಯಿಂದ ಒತ್ತಿದೆವು. ಬೆರಳುಗಳ ಸಂದಿನಿಂದ ಕಂದು ನೀರು ಜಿನುಗಿತು.

ಹೊರಗೆ ಬಿರುಬಿಸಿಲು, ಮೇಲಿನ ಹಾಸು ಒಣಗಿದೆ, ಆದರೂ ಒಂದು ಬೆರಳಿನಷ್ಟು ಕೆಳಗೆ ಏಳು ವಾರಗಳ ಹಿಂದಿನ ನೀರು! ಇದು ಹೇಗೆ ಸಾಧ್ಯ? ಇದನ್ನು ತಿಳಿಯಬೇಕಾದರೆ ಕಾರಿನ ನೆಲದ ರಚನೆಯನ್ನು ಮೊದಲು ನೋಡಬೇಕು.

ಕಾರಿನ ನೆಲವೆಂದರೆ ಒಂದು ಮಿಲಿಮೀಟರಿಗೂ ತೆಳುವಾದ ಉಕ್ಕಿನ ತಗಡು. ಅದರ ಮೇಲೆ ಕಾರ್ಖಾನೆಯಲ್ಲಿಯೇ ಎರಡು ಮೂರು ಮಿಲಿಮೀಟರು ದಪ್ಪದ ಡಾಂಬರಿನ ಹಾಳೆಗಳನ್ನು ಅಲ್ಲಲ್ಲಿ ಹರಡುತ್ತಾರೆ. ಇವು ಬರಿಯ ಡಾಂಬರಲ್ಲ. ಸುಣ್ಣಕಲ್ಲಿನ ಪುಡಿ, ಅಭ್ರಕ ಮೊದಲಾದ ಖನಿಜಗಳನ್ನು ಬೆರೆಸಿದ ಮಿಶ್ರಣ. ಬಣ್ಣ ಒಣಗಿಸುವ ಕುಲುಮೆಯ ಶಾಖದಲ್ಲಿ ಮೆತ್ತಗಾಗಿ ತಗಡಿನ ಉಬ್ಬುತಗ್ಗುಗಳಿಗೆ ಅಂಟಿಕೊಳ್ಳುತ್ತವೆ. ಡಾಂಬರಿನ ಮೇಲೆ ಮೆತ್ತೆ: ಹತ್ತಿ ಮತ್ತು ಬಟ್ಟೆಯ ಚಿಂದಿಗಳನ್ನು ಅರೆದು, ರಾಳದಿಂದ ಬಿಗಿದು ಮಾಡಿದ ಫೆಲ್ಟು, ಕೆಲವು ಕಾರುಗಳಲ್ಲಿ ಸ್ಪಂಜಿನಂತಹ ಫೋಮು. ಎಲ್ಲಕ್ಕೂ ಮೇಲೆ ನಾವು ಕಾಲಿಡುವ ನೆಲಹಾಸು. ಅನೇಕ ಕಾರುಗಳಲ್ಲಿ ಇದರ ಬೆನ್ನಿಗೆ ಭಾರವಾದ ರಬ್ಬರಿನಂತಹ ಪದರವನ್ನು ಮೆತ್ತಿರುತ್ತಾರೆ.

ಇಷ್ಟೆಲ್ಲ ಪದರಗಳು ಬೇಕಾದುದು ಕಾಲಿಗೆ ಮೆತ್ತಗಿರಲೆಂದು ಮಾತ್ರವಲ್ಲ, ಶಬ್ದವನ್ನು ತಡೆಯಲೆಂದು. ಶಬ್ದ ಕಾರಿನೊಳಗೆ ಎರಡು ದಾರಿಗಳಲ್ಲಿ ಬರುತ್ತದೆ. ಚಕ್ರ ಮತ್ತು ಎಂಜಿನಿನ ಅಲುಗಾಟ ಉಕ್ಕಿನ ಮೂಲಕವೇ ಹರಿದು ತೆಳುತಗಡನ್ನು ತಮಟೆಯ ಚರ್ಮದಂತೆ ಕಂಪಿಸುವುದು ಒಂದು ದಾರಿ. ರಸ್ತೆಯ ಸದ್ದು ಗಾಳಿಯಲ್ಲಿ ತರಂಗಗಳಾಗಿ ಬಂದು ತಗಡನ್ನು ತಟ್ಟಿ ಒಳಸೇರುವುದು ಮತ್ತೊಂದು. ಮೊದಲನೆಯದಕ್ಕೆ ಡಾಂಬರು ಮದ್ದು. ದೇವಾಲಯದ ಗಂಟೆಯನ್ನು ಬಾರಿಸಿ, ಒಡನೆಯೇ ಅಂಗೈಯಿಂದ ಹಿಡಿದರೆ ಅದು ಸುಮ್ಮನಾಗುವುದಷ್ಟೆ? ಮೆತ್ತನೆಯ ಕೈ ಕಂಪನದ ಶಕ್ತಿಯನ್ನು ಹೀರಿ ಅತ್ಯಲ್ಪ ಶಾಖವಾಗಿ ಮಾರ್ಪಡಿಸುತ್ತದೆ. ಡಾಂಬರಿನ ಹಾಳೆ ತಗಡನ್ನು ಸದಾ ಹಿಡಿದಿರುವ ಅಂತಹ ಒಂದು ಕೈ. ಜರ್ಮನಿಯ ಓಬರ್ಸ್ಟ್ ಎಂಬ ವಿಜ್ಞಾನಿ 1952ರಲ್ಲಿ ಇದನ್ನು ಲೆಕ್ಕಕ್ಕೆ ಒಳಪಡಿಸಿದನು. ತೆಳುವಾದ ಪದರಗಳಲ್ಲಿ ಲೇಪದ ದಪ್ಪ ಇಮ್ಮಡಿಯಾದರೆ ಕಂಪನಶಮನ ಸುಮಾರು ನಾಲ್ಮಡಿಯಾಗುವುದೆಂದು ಆ ಲೆಕ್ಕದಿಂದ ತಿಳಿಯುತ್ತದೆ. ಆದರೆ ಲೇಪ ತಗಡಿಗೆ ಭದ್ರವಾಗಿ ಅಂಟಿದ್ದರೆ ಮಾತ್ರ. ಬಿಟ್ಟುಕೊಂಡ ಡಾಂಬರಿನಿಂದ ಪ್ರಯೋಜನ ಸ್ವಲ್ಪವೇ.

ಎರಡನೆಯ ದಾರಿಯನ್ನು ಮುಚ್ಚಲು ಮೆತ್ತೆ ಬೇಕು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕನಿಗೆ ಒಂದು ಹೊಸ ಉಪನ್ಯಾಸ ಮಂದಿರದ ದೋಷವನ್ನು ಸರಿಪಡಿಸುವ ಕೆಲಸ ಬಿದ್ದಿತು. ಅಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳ ಕಾಲ ಮೊಳಗುತ್ತಲೇ ಇರುತ್ತಿತ್ತು. ಸಬೈನನು ಸಮೀಪದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ರಾತ್ರಿ ಹೊರಿಸಿ ತಂದು, ಒಂದೊಂದಾಗಿ ಹರಡಿ, ಮೊಳಗು ಎಷ್ಟೆಷ್ಟು ಇಳಿಯುವುದೆಂದು ಅಳೆದನು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಕ್ಕೆ ಸಾಗಿಸಬೇಕಾಗಿತ್ತು! ಮೆತ್ತೆಯಲ್ಲಿ ಶಬ್ದವನ್ನು ನುಂಗುವುದು ನೂಲಲ್ಲ, ನೂಲುಗಳ ನಡುವಣ ಗಾಳಿ. ಶಬ್ದತರಂಗ ಬಂದಾಗ ಸಣ್ಣ ರಂಧ್ರಗಳಲ್ಲಿ ಗಾಳಿ ಹಿಂದುಮುಂದಾಗಿ ತೂಗಾಡಿ, ಎಳೆಗಳಿಗೆ ಉಜ್ಜಿ, ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಕಾರಿನಲ್ಲಿ ಈ ಗಾಳಿಗೆ ಮತ್ತೊಂದು ಕೆಲಸವೂ ಉಂಟು. ಕೆಳಗೆ ಉಕ್ಕಿನ ತಗಡು, ಮೇಲೆ ಭಾರವಾದ ಹಾಸು, ನಡುವೆ ಸ್ಪ್ರಿಂಗಿನಂತೆ ಬಾಗುವ ಮೆತ್ತೆ: ತಗಡು ಅಲುಗಿದರೂ ಆ ಅಲುಗಾಟ ಮೇಲಿನ ಹಾಸನ್ನು ಮುಟ್ಟುವುದರೊಳಗೆ ಬಹುಮಟ್ಟಿಗೆ ಅಡಗುತ್ತದೆ. ಬರಿಯ ತೂಕದಿಂದಲೇ ಶಬ್ದವನ್ನು ತಡೆಯಹೊರಟರೆ, ಗೋಡೆಯ ಭಾರವನ್ನು ಇಮ್ಮಡಿ ಮಾಡಿದಾಗ ದೊರೆಯುವ ಲಾಭ ಕೇವಲ 6 ಡೆಸಿಬಲ್. ನಡುವೆ ಗಾಳಿಯ ಸ್ಪ್ರಿಂಗನ್ನು ಇಟ್ಟರೆ ಅಷ್ಟೇ ಭಾರದಿಂದ ಬಹಳ ಹೆಚ್ಚಿನ ಫಲ. ಆ ಗಾಳಿಯ ಜಾಗವನ್ನು ನೀರು ಆಕ್ರಮಿಸಿದರೆ? ನೀರು ಗಾಳಿಗಿಂತ ಸುಮಾರು 15 ಸಾವಿರ ಪಟ್ಟು ಗಡುಸು. ಸ್ಪ್ರಿಂಗಿನ ಜಾಗದಲ್ಲಿ ಕಲ್ಲನ್ನಿಟ್ಟಂತೆ. ನೆನೆದ ಕಾರು ಒಣಗಿದ ಮೇಲೂ ಹಿಂದಿಗಿಂತ ಹೆಚ್ಚು ಸದ್ದು ಮಾಡುವುದೆಂದು ಅನೇಕರು ಹೇಳುವುದುಂಟು. ಅದು ಭ್ರಮೆಯೇ ಆಗಬೇಕಾಗಿಲ್ಲ. ಕೆಸರು ಕುಡಿದು ಕುಸಿದ ಫೆಲ್ಟು ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದುದನ್ನು ಹಿರಿಯರಿಂದ ಕೇಳಿರಬಹುದು. ನೆಲದೊಳಗಣ ಆ ಗುಂಡಿಯ ಬಾಯನ್ನು ಮೆತ್ತಿ ಮುಚ್ಚಿದರೆ ಧಾನ್ಯ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು, ತೇವ ಒಳಹೋಗಲು ದಾರಿಯಿರಲಿಲ್ಲವಾಗಿ. ಆದರೆ ಯಾವುದೋ ಬಿರುಕಿನಿಂದ ಒಮ್ಮೆ ನೀರು ಹೊಕ್ಕಿತೋ, ಆ ಭದ್ರತೆಯೇ ಶತ್ರುವಾಗುತ್ತಿತ್ತು; ಹೊಕ್ಕ ತೇವ ಹೊರಬರಲೂ ದಾರಿಯಿಲ್ಲ. ಕಾರಿನ ನೆಲ ಇಂತಹ ಒಂದು ಹಗೇವು. ಕೆಳಗೆ ಬಣ್ಣ ಹಾಗೂ ಡಾಂಬರು, ಮೇಲೆ ರಬ್ಬರಿನ ಬೆನ್ನಿನ ಹಾಸು: ಶಬ್ದದ ಗಾಳಿಯನ್ನು ತಡೆಯುವ ಪದರವೇ ನೀರಿನ ಆವಿಯನ್ನೂ ತಡೆಯುತ್ತದೆ. ಕಾರು ಎಷ್ಟು ನಿಶ್ಶಬ್ದವೋ ನೆನೆದಾಗ ಒಣಗುವುದೂ ಅಷ್ಟೇ ಕಷ್ಟ.

ನೆಲದ ತಗಡಿನಲ್ಲಿ ರಬ್ಬರಿನ ಬಿರಡೆಗಳಿರುತ್ತವೆ, ಅವುಗಳನ್ನು ತೆಗೆದರೆ ನೀರು ಬಸಿಯಲಾರದೆ ಎಂದು ಕೇಳಬಹುದು. ನಿಂತ ನೀರು ಬಸಿಯುತ್ತದೆ, ಮೆತ್ತೆ ಹೀರಿದ ನೀರು ಬಸಿಯದು. ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಮೇಲೇರಿಸುವ ಕೇಶಾಕರ್ಷಣವೇ ಇಲ್ಲಿ ನೀರನ್ನು ಹಿಡಿದಿಡುತ್ತದೆ. 0.1 ಮಿಲಿಮೀಟರು ತ್ರಿಜ್ಯದ ಗಾಜಿನ ನಾಳದಲ್ಲಿ ನೀರು ತಾನಾಗಿ ಸುಮಾರು 15 ಸೆಂಟಿಮೀಟರು ಏರಬಲ್ಲುದು. ಅಷ್ಟೇ ಕಿರಿದಾದ ಸಂದುಗಳುಳ್ಳ ಎರಡು ಸೆಂಟಿಮೀಟರು ದಪ್ಪದ ಮೆತ್ತೆಯಿಂದ ಗುರುತ್ವಾಕರ್ಷಣೆಯೊಂದೇ ನೀರನ್ನು ಹೇಗೆ ಕಿತ್ತುಕೊಂಡೀತು?

ಪ್ರಮಾಣವನ್ನು ಲೆಕ್ಕ ಹಾಕಿ ನೋಡೋಣ. ಕಾಲೇಜಿನ ಭೌತಶಾಸ್ತ್ರ ಸಾಕು. ನೆಲದ ವಿಸ್ತೀರ್ಣ ಎರಡು ಚದರ ಮೀಟರು, ಮೆತ್ತೆಯ ದಪ್ಪ ಎರಡು ಸೆಂಟಿಮೀಟರು ಎಂದಿಟ್ಟುಕೊಂಡರೆ ಅದರ ಗಾತ್ರ 40 ಲೀಟರು. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಯಲು. ಆ ಬಯಲಿನ ಅರ್ಧ ಭಾಗದಲ್ಲಿ ನೀರು ಉಳಿಯಿತೆನ್ನೋಣ. 18 ಲೀಟರಾಯಿತು, ಒಂದು ದೊಡ್ಡ ಕೊಡಕ್ಕೂ ಹೆಚ್ಚು. ಇದನ್ನು ಆವಿಯಾಗಿಸಲು ಬೇಕಾದ ಗುಪ್ತೋಷ್ಣ ಗ್ರಾಮಿಗೆ ಸುಮಾರು 580 ಕ್ಯಾಲೊರಿ. ಒಟ್ಟು ಲೆಕ್ಕದಲ್ಲಿ 12 ಯೂನಿಟ್ ವಿದ್ಯುತ್ತಿಗೆ ಸಮ. ಶಾಖ ಬಿಸಿಲಿನಿಂದ ದೊರೆಯಬಹುದು. ಆದರೆ ಆವಿ ಹೋಗುವುದೆಲ್ಲಿಗೆ? 30 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನಮೀಟರು ಗಾಳಿ ಹಿಡಿಯಬಲ್ಲ ಆವಿ ಕೇವಲ 30 ಗ್ರಾಮು. ಮಳೆಗಾಲದ ಗಾಳಿಯಲ್ಲಿ ಅದರ ನೂರಕ್ಕೆ 70ರಷ್ಟು ಮೊದಲೇ ತುಂಬಿದ್ದರೆ ಉಳಿದ ಜಾಗ 9 ಗ್ರಾಮಿಗೆ. ಕಾರಿನ ಒಳಗಾತ್ರ ಮೂರು ಘನಮೀಟರೆಂದರೆ ಒಂದು ಸಲಕ್ಕೆ 27 ಗ್ರಾಮು. ಹೀಗೆ 18 ಲೀಟರು ಹೊರಹೋಗಬೇಕಾದರೆ ಕಾರಿನ ಗಾಳಿ ಪೂರ್ತಿ ತೇವ ತುಂಬಿಕೊಂಡು ಸುಮಾರು 670 ಬಾರಿ ಬದಲಾಗಬೇಕು. ಕಿಟಕಿ ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಆಗುವುದೇನೆಂದರೆ ಹಗಲು ಎದ್ದ ಆವಿ ರಾತ್ರಿ ತಣ್ಣನೆಯ ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಕೆಳಗಿಳಿಯುವುದು. ಬೆಳಗ್ಗೆ ಗಾಜಿನ ಒಳಮೈ ಮಂಜಾಗಿದ್ದರೆ ಕಾರಣವನ್ನು ನೆಲದಲ್ಲಿ ಹುಡುಕಬೇಕು.

ಅಕ್ಕಿಯ ಚೀಲ, ಇದ್ದಿಲು, ಸಿಲಿಕಾ ಜೆಲ್ಲಿನ ಪೊಟ್ಟಣ ಇವುಗಳನ್ನಿಟ್ಟರೆ ತೇವ ಹೋಗುವುದೆಂಬ ಮಾತೂ ಬಳಕೆಯಲ್ಲಿದೆ. ಸಿಲಿಕಾ ಜೆಲ್ಲು ತನ್ನ ತೂಕದ ಮೂರನೆಯ ಒಂದು ಪಾಲು ನೀರನ್ನು ಹೀರಿತೆಂದರೂ ನಮಗೆ ಬೇಕಾದುದು 54 ಕಿಲೋಗ್ರಾಮು. ಸುಗಂಧದ ಸೀಸೆಗಳ ವಿಷಯ ಹೇಳದಿರುವುದೇ ಲೇಸು.

ಈ ನೀರು ಸುಮ್ಮನೆ ಕುಳಿತಿರುವುದೂ ಇಲ್ಲ. ಗಾಳಿಯಲ್ಲಿ ಎಲ್ಲೆಲ್ಲಿಯೂ ಇರುವ ಬೂಷ್ಟಿನ ಬೀಜಕಣಗಳು ತೇವ ದೊರೆತ ಒಂದೆರಡು ದಿನಗಳಲ್ಲಿಯೇ ಮೊಳೆಯಬಲ್ಲವು. ಹತ್ತಿಯ ಚಿಂದಿ ಅವುಗಳಿಗೆ ಒಳ್ಳೆಯ ಆಹಾರ. ಮಕ್ಕಳ ಸೀನಿಗೆ ಮೂಲ ಇಲ್ಲಿರಬಹುದೆಂದು ನಾವು ಊಹಿಸಿದ್ದು ಅದಕ್ಕಾಗಿ. ಇನ್ನು ಉಕ್ಕು. ನೀರು ಮತ್ತು ಆಮ್ಲಜನಕ ಸೇರಿದಲ್ಲಿ ಕಬ್ಬಿಣ ತುಕ್ಕು ಹಿಡಿಯುವುದು ಸರ್ವರಿಗೂ ತಿಳಿದದ್ದು. ಆದರೆ ಆಮ್ಲಜನಕ ಕಡಿಮೆಯಿರುವ ಕಡೆಯೇ ಲೋಹ ಸವೆಯುವುದೆಂಬುದು ಅಷ್ಟು ಪರಿಚಿತವಲ್ಲ. ಕೇಂಬ್ರಿಡ್ಜಿನ ಯೂಲಿಕ್ ಈವಾನ್ಸ್ 1920ರ ದಶಕದಲ್ಲಿ ಉಕ್ಕಿನ ಮೇಲೆ ಉಪ್ಪುನೀರಿನ ಒಂದು ಹನಿಯನ್ನಿಟ್ಟು ಇದನ್ನು ತೋರಿಸಿದನು. ಗಾಳಿ ಸುಲಭವಾಗಿ ತಲಪುವ ಹನಿಯ ಅಂಚು ಉಳಿಯಿತು, ಗಾಳಿ ತಲಪದ ನಡುಭಾಗ ಕರಗಿತು. ಹನಿ ಒಂದು ಸಣ್ಣ ವಿದ್ಯುತ್ಕೋಶವಾಗಿತ್ತು. ನೆನೆದ ಮೆತ್ತೆಯ ಅಡಿಯಲ್ಲಿ, ಅಂಚು ಬಿಟ್ಟ ಡಾಂಬರಿನ ಸಂದಿಯಲ್ಲಿ ಇದೇ ಸ್ಥಿತಿ. ಕಾರ್ಖಾನೆಯ ಬಣ್ಣ ಮತ್ತು ಸತುವಿನ ಲೇಪ ಬಹುಕಾಲ ಕಾಪಾಡುತ್ತವೆ, ನಿಜ. ಆದರೆ ಬೆಸುಗೆಯ ಸಾಲು, ಬೋಲ್ಟಿನ ತೂತು, ಗೀರು ಬಿದ್ದ ಜಾಗ ಇವು ಬಲಹೀನ. ಆಸನಗಳನ್ನೂ ಸೀಟುಬೆಲ್ಟಿನ ಬುಡವನ್ನೂ ಬಿಗಿದಿರುವುದು ಈ ನೆಲಕ್ಕೇ ಎಂಬುದನ್ನು ನೆನೆದರೆ, ವಿಷಯ ವಾಸನೆಯಷ್ಟಕ್ಕೆ ಮುಗಿಯುವುದಿಲ್ಲ. ಅಪಘಾತದ ಕ್ಷಣದಲ್ಲಿ ಆ ಬೋಲ್ಟುಗಳ ಮೇಲೆ ಬೀಳುವ ಎಳೆತ ಮನುಷ್ಯನ ತೂಕದ ಹಲವು ಪಟ್ಟು.

ಆದುದರಿಂದ ಒಣಗಿಸುವ ಆಸೆಯನ್ನು ಬಿಟ್ಟು ಬಿಚ್ಚುವುದೇ ಸರಿ. ನಾವೂ ಹಾಗೆಯೇ ಮಾಡಿದೆವು. ಮಂಡ್ಯದ ಗ್ಯಾರೇಜಿನ ಅನುಭವಿಯೊಬ್ಬರು ಜೊತೆಗಿದ್ದರು. ಅವರು ಮೊದಲು ಮಾಡಿದ್ದು ಬ್ಯಾಟರಿಯ ಋಣ ತುದಿಯನ್ನು ಕಳಚಿ ಕೈಕಟ್ಟಿ ಕುಳಿತದ್ದು! ಆಸನಗಳ ಕೆಳಗೆ ಹಳದಿ ಬಣ್ಣದ ತಂತಿಯ ಜೋಡಣೆಗಳಿರುತ್ತವೆ. ಅವು ಗಾಳಿಚೀಲಗಳಿಗೆ ಸೇರಿದವು. ಬ್ಯಾಟರಿ ಕಳಚಿದರೂ ಅವುಗಳ ನಿಯಂತ್ರಕದಲ್ಲಿ ಸ್ವಲ್ಪ ಹೊತ್ತು ವಿದ್ಯುತ್ತು ಉಳಿದಿರುತ್ತದೆ. ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಅನಂತರ ಮುಟ್ಟಬೇಕು. ಮತ್ತೆ ಎಲ್ಲವನ್ನೂ ಜೋಡಿಸುವವರೆಗೆ ಕೀಲಿ ತಿರುಗಿಸಕೂಡದು. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳನ್ನಂತೂ ತರಬೇತಾದವರಲ್ಲದೆ ಯಾರೂ ಮುಟ್ಟಬಾರದು. ವಿಮೆಯಿದ್ದವರು ಬಿಚ್ಚುವ ಮುನ್ನ ವಿಮೆಯವರಿಗೆ ತಿಳಿಸಿ, ಚಿತ್ರಗಳನ್ನು ತೆಗೆದಿಡುವುದು ಜಾಣತನ.

ಆಸನಗಳು, ಹೊಸ್ತಿಲ ಪಟ್ಟಿಗಳು, ನಡುವಣ ಗೂಡು, ಬೆಲ್ಟಿನ ಕೆಳಬೋಲ್ಟು, ಇಷ್ಟು ಕಳಚಿದ ಮೇಲೆ ನೆಲಹಾಸು ಒಂದೇ ತುಂಡಾಗಿ ಹೊರಬಂದಿತು. ಮೆತ್ತೆಯನ್ನು ಎತ್ತಲು ಇಬ್ಬರು ಬೇಕಾಯಿತು. ಅದನ್ನು ಎಸೆಯುವ ಮುನ್ನ ಹಳೆಯ ಪತ್ರಿಕೆಗಳ ಮೇಲೆ ಹರಡಿ, ಅದರ ಆಕಾರವನ್ನು ಸೀಸದ ಕಡ್ಡಿಯಿಂದ ಬರೆದುಕೊಂಡು, ದಪ್ಪವನ್ನು ಆರೇಳು ಕಡೆ ಗುರುತು ಹಾಕಿಕೊಂಡೆವು. ಈ ಸಣ್ಣ ಕೆಲಸವನ್ನು ಮರೆತರೆ ಹೊಸ ಮೆತ್ತೆಯನ್ನು ಕತ್ತರಿಸುವಾಗ ಪಶ್ಚಾತ್ತಾಪ ತಪ್ಪದು. ತಗಡಿನ ಮೇಲಿನ ಕೆಸರನ್ನು ಒಳ್ಳೆಯ ನೀರಿನಿಂದ ತೊಳೆದು, ಬಿರಡೆಗಳನ್ನು ತೆಗೆದು, ಬೀಸಣಿಗೆ ಹಚ್ಚಿ ಎರಡು ದಿನ ಬಿಟ್ಟೆವು. ತೆರೆದ ತಗಡು ಒಣಗಲು ಅಷ್ಟು ಸಾಕು.

ಡಾಂಬರಿನ ಹಾಳೆಗಳನ್ನೆಲ್ಲ ಕೀಳುವ ಉತ್ಸಾಹ ಬೇಡ. ಡಾಂಬರು ನೀರನ್ನು ಹೀರುವುದಿಲ್ಲ; ಭದ್ರವಾಗಿ ಅಂಟಿರುವುದನ್ನು ಹಾಗೆಯೇ ಬಿಡಬೇಕು. ಅಂಚು ಎದ್ದಿರುವುದನ್ನು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುವುದನ್ನು ಮಾತ್ರ ತೆಗೆಯತಕ್ಕದ್ದು. ಬಿಸಿ ಮಾಡಿ ಕೆರೆಯಬಹುದು, ಅಥವಾ ಘನ ಇಂಗಾಲದ ಡೈಆಕ್ಸೈಡನ್ನು ಹರಡಬಹುದು. ಶೂನ್ಯಕ್ಕಿಂತ 78 ಡಿಗ್ರಿ ಕೆಳಗಿನ ಆ ಚಳಿಗೆ ಡಾಂಬರು ಗಾಜಿನಂತೆ ಪೆಡಸಾಗಿ, ಸುತ್ತಿಗೆಯ ಮೆಲ್ಲನೆಯ ಏಟಿಗೆ ಚೂರಾಗುತ್ತದೆ. ಆಗ ಕೈಗೆ ದಪ್ಪ ಚೀಲ ತೊಟ್ಟು ಬಾಗಿಲುಗಳನ್ನೆಲ್ಲ ತೆರೆದಿಡಬೇಕು. ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುತ್ತಿದ್ದುದು ಇದೇ ಅನಿಲದ ಭಯದಿಂದ. ಉಸಿರಾಡುವ ಧಾನ್ಯದಿಂದ ಹೊರಟ ಅದು ಗಾಳಿಗಿಂತ ಭಾರವಾದುದರಿಂದ ಗುಂಡಿಯ ತಳದಲ್ಲಿ ತುಂಬಿರುತ್ತಿತ್ತು.

ಭಾವನವರ ಕಾರಿನಲ್ಲಿ ತುಕ್ಕು ಕಂಡದ್ದು ಎರಡು ಕಡೆ: ಹಿಂದಿನ ಸೀಟಿನ ಮುಂದೆ ಒಂದು ಬೆಸುಗೆಯ ಸಾಲಿನಲ್ಲಿ, ಚಾಲಕನ ಆಸನದ ಒಂದು ಬೋಲ್ಟಿನ ಸುತ್ತ. ಎರಡೂ ಮೇಲ್ಮೈಯ ತುಕ್ಕು. ತಂತಿಯ ಬ್ರಷ್ಷಿನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲದ ದ್ರಾವಣ ಸವರಿ, ಅದು ಪೂರ್ತಿ ಒಣಗಿದ ಮೇಲೆ ಪ್ರೈಮರು, ಬಣ್ಣ. ಬೋಲ್ಟಿನ ಬುಡದ ಉಕ್ಕು ತಿಂದುಹೋಗಿದ್ದಲ್ಲಿ ಬಣ್ಣ ಬಳಿದು ಮುಚ್ಚುವುದು ಅಪರಾಧಕ್ಕೆ ಸಮ. ಆಗ ಹೊಸ ಉಕ್ಕನ್ನು ಬೆಸೆಯಲೇಬೇಕು.

ಡಾಂಬರು ಕಿತ್ತ ಕಡೆ ಈಗ ಬಳಕೆಗೆ ಬಂದಿರುವುದು ಬ್ಯೂಟೈಲ್ ರಬ್ಬರಿನ ಹಾಳೆ. ಇದರ ಮೇಲ್ಮೈಗೆ ಅಲ್ಯೂಮಿನಿಯಮ್ಮಿನ ತೆಳುಪೊರೆ ಇರುತ್ತದೆ. ತಗಡು ಬಾಗಿದಾಗ ಕೆಳಗಿನ ಉಕ್ಕು ಒಂದು ರೀತಿ, ಮೇಲಿನ ಪೊರೆ ಇನ್ನೊಂದು ರೀತಿ ಚಲಿಸಲೆತ್ನಿಸಿ ನಡುವಣ ರಬ್ಬರು ಕತ್ತರಿಯಲ್ಲಿ ಸಿಕ್ಕಿದಂತೆ ಎಳೆದಾಡಲ್ಪಡುತ್ತದೆ. ಕಂಪನದ ಶಕ್ತಿ ಅಲ್ಲಿ ಶಾಖವಾಗುತ್ತದೆ. ತೆಳುಹಾಳೆಯೇ ಬಹಳ ಕೆಲಸ ಮಾಡುವುದು ಈ ಕಾರಣದಿಂದ. ಇಡೀ ನೆಲಕ್ಕೆ ಹೊದಿಸಬೇಕಾಗಿಲ್ಲ. ತಗಡು ಹೆಚ್ಚು ಕಂಪಿಸುವ ಸಪಾಟು ಭಾಗಗಳ ನಡುವೆ ಅಂಟಿಸಿದರೆ ಸಾಕು. ಸ್ಪಿರಿಟ್ಟಿನಿಂದ ಜಿಡ್ಡು ತೆಗೆದು, ಉರುಳೆಯಿಂದ ಬಲವಾಗಿ ಒತ್ತಬೇಕು. ಬಿರಡೆಗಳ ಮೇಲೆ ಮಾತ್ರ ಅಂಟಿಸಕೂಡದು. ಮನೆಯ ತಾರಸಿಗೆ ಹಾಕುವ ಡಾಂಬರಿನ ಹಾಳೆ ಅಗ್ಗವೆಂದು ಕೆಲವರು ಅದನ್ನೇ ಬಳಸುವರು. ಬಿಸಿಲಿಗೆ ನಿಂತ ಕಾರಿನ ಶಾಖದಲ್ಲಿ ಅದು ಮೆತ್ತಗಾಗಿ ನಾರುವುದು. ಉಳಿಸಿದ ಹಣ ಮೂಗಿನ ಮೂಲಕ ಹೋಗುತ್ತದೆ.

ಮೆತ್ತೆಯ ಆಯ್ಕೆಯಲ್ಲಿ ಒಂದು ಇಕ್ಕಟ್ಟಿದೆ. ಮುಚ್ಚಿದ ಕೋಶಗಳ ಫೋಮು ನೀರನ್ನು ಕುಡಿಯುವುದಿಲ್ಲ, ಆದರೆ ಗಾಳಿ ಅದರೊಳಗೆ ಆಡದಾದುದರಿಂದ ಶಬ್ದವನ್ನು ಅಷ್ಟಾಗಿ ನುಂಗದು. ಫೆಲ್ಟು ಶಬ್ದವನ್ನು ನುಂಗುತ್ತದೆ, ನೀರನ್ನೂ ಕುಡಿಯುತ್ತದೆ. ಎರಡೂ ಗುಣಗಳಿಗೆ ಮೂಲ ಒಂದೇ ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ಕಾರ್ಖಾನೆಯ ಮೆತ್ತೆಯೇ ದೊರೆತರೆ ಅದೇ ಉತ್ತಮ. ದೊರೆಯದಿದ್ದರೆ ಅದೇ ದಪ್ಪದ ಪಾಲಿಯೆಸ್ಟರ್ ಫೆಲ್ಟು. ಇದರ ನೂಲು ತಾನಾಗಿ ನೀರು ಹೀರದು, ಹತ್ತಿಯಂತೆ ಬೂಷ್ಟಿಗೆ ಆಹಾರವೂ ಅಲ್ಲ. ಸಂದುಗಳಲ್ಲಿ ನೀರು ನಿಲ್ಲಬಹುದು, ಆದರೆ ಹೊರತೆಗೆದರೆ ಬೇಗನೆ ಒಣಗುತ್ತದೆ. ಅದನ್ನು ನೆಲಕ್ಕೆ ಅಂಟಿಸದೆ ಸುಮ್ಮನೆ ಹಾಸಬೇಕು, ಮುಂದೆ ಎಂದಾದರೂ ಎತ್ತಿ ನೋಡಬಹುದು. ಹೆಚ್ಚು ದಪ್ಪವಿದ್ದರೆ ಹೆಚ್ಚು ಮೌನವೆಂದು ಚಾಲಕನ ಕಾಲಿನ ಬಳಿ ಎರಡು ಪದರ ತುರುಕುವುದು ಅಪಾಯ. ಪೆಡಲುಗಳು ಪೂರ್ತಿ ಒತ್ತುವುದಕ್ಕೂ ಹಿಂದಿರುಗುವುದಕ್ಕೂ ಅಡ್ಡಿಯಿಲ್ಲವೆಂದು ಕೈಯಿಂದ ಒತ್ತಿ ನೋಡಿದ ಮೇಲೆಯೇ ಕಾರನ್ನು ಹೊರಡಿಸತಕ್ಕದ್ದು.

ನೆರೆಯಲ್ಲಿ ಸಿಕ್ಕದ ಕಾರಿನ ನೆಲವೂ ಒದ್ದೆಯಾಗುವುದುಂಟು. ಮುಂದಿನ ಎಡಗಡೆ ಮಾತ್ರ ಒದ್ದೆ, ನೀರು ತಿಳಿಯಾಗಿದೆ ಎಂದರೆ ಹವಾನಿಯಂತ್ರಕದ ನೀರನ್ನು ಹೊರಬಿಡುವ ಕೊಳವೆ ಕಟ್ಟಿರಬಹುದು. ಜಿಗುಟಾಗಿದ್ದು ಸಿಹಿವಾಸನೆ ಇದ್ದರೆ ಎಂಜಿನಿನ ತಂಪುದ್ರಾವಣ ಸೋರುತ್ತಿದೆ. ಮಳೆ ಬಂದಾಗ ಮಾತ್ರವಾದರೆ ಬಾಗಿಲೊಳಗಿನ ಪ್ಲಾಸ್ಟಿಕ್ ಪರದೆ ಹರಿದಿದೆಯೇ, ಬಾಗಿಲಿನ ರಬ್ಬರು ಸವೆದಿದೆಯೇ ಎಂದು ನೋಡಬೇಕು. ಮೂಲವನ್ನು ಮುಚ್ಚದೆ ಮೆತ್ತೆ ಬದಲಿಸಿದರೆ ಮುಂದಿನ ಮಳೆಗಾಲಕ್ಕೆ ಇದೇ ಕೆಲಸ ಕಾದಿರುತ್ತದೆ.

ನಮ್ಮ ಹಳೆಯ ಮೆತ್ತೆಯನ್ನು ಕುತೂಹಲಕ್ಕಾಗಿ ಆಲೆಮನೆಯ ತಕ್ಕಡಿಯಲ್ಲಿ ತೂಗಿದೆವು: 21 ಕಿಲೋಗ್ರಾಮು. ಕೊಟ್ಟಿಗೆಯ ಮಾಡಿನ ಮೇಲೆ ಎಸೆದಿದ್ದು, ಮೂರು ವಾರದ ಬಿಸಿಲಿನ ಮೇಲೆ ಮತ್ತೆ ತೂಗಿದಾಗ 6. ಅದರಲ್ಲಿಯೂ ಒಂದಷ್ಟು ಪಾಲು ಬೆಂಗಳೂರಿನ ಕೆಸರು. ಹಳೆಯ ಕಾರನ್ನು ಕೊಳ್ಳಹೊರಡುವವರು ಇದೊಂದು ಸಂಗತಿಯನ್ನು ನೆನಪಿಡಬಹುದು. ಹೊಸ ನೆಲಹಾಸು, ಘಮಘಮಿಸುವ ಸುಗಂಧ, ಇವುಗಳನ್ನು ನೋಡಿ ಮರುಳಾಗದೆ ಸೀಟುಬೆಲ್ಟನ್ನು ಕೊನೆಯವರೆಗೆ ಹೊರಕ್ಕೆಳೆದು ನೋಡಿ. ಉರುಳೆಯೊಳಗೆ ಸುತ್ತಿಕೊಂಡಿರುವ ಕೊನೆಯ ಮೊಳದಷ್ಟು ಪಟ್ಟಿಯನ್ನು ತೊಳೆಯುವ ತಾಳ್ಮೆ ಮಾರುವವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ನೆರೆ ಅಷ್ಟು ಎತ್ತರಕ್ಕೆ ಏರಿದ್ದರೆ ಅದರ ಕಂದು ಗೆರೆ ಅಲ್ಲಿ ಉಳಿದಿರುತ್ತದೆ.